ದಾರಿಯಲ್ಲಿ ಸೈಕಲ್ ಕೆಟ್ಟು ನಿಂತವರು ಸಿಕ್ಕರೆ ಏನು ಮಾಡಬೇಕು

ಒಂದು ಜನವರಿ ಬೆಳಗ್ಗೆ, ನಂದಿ ಬೆಟ್ಟದ ಬುಡದಲ್ಲಿ ನನ್ನ ಹಿಂದಿನ ಚಕ್ರ ಪಂಚರ್ ಆಯ್ತು. ಮಂಜು ಇನ್ನೂ ಬಿಟ್ಟಿರಲಿಲ್ಲ. ಬ್ಯಾಗಿನಲ್ಲಿ ಟ್ಯೂಬ್ ಇತ್ತು, ಟೈರ್ ಮೀಟಿ ಬಿಡಿಸುವ ಲಿವರ್ ಇತ್ತು, ಪಂಪ್ ಮಾತ್ರ ಮನೆಯಲ್ಲೇ ಉಳಿದಿತ್ತು. ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಜನ ಪಕ್ಕದಲ್ಲೇ ಸೈಕಲ್ ಹೊಡೆದುಕೊಂಡು ಹೋದರು. ಎಲ್ಲರೂ ಒಳ್ಳೆಯವರೇ. ಎಲ್ಲರೂ ಓಡುತ್ತಲೇ ‘ಆಲ್ ಓಕೆ?’ ಅಂತ ಕೇಳಿದರು, ನಾನೂ ಎಲ್ಲರಿಗೂ ‘ಓಕೆ ಓಕೆ’ ಅಂದೆ, ಯಾಕೆಂದರೆ ಆ ವೇಗದಲ್ಲಿ ಕೇಳಿದ ಪ್ರಶ್ನೆಗೆ ಬಾಯಿಗೆ ಬರುವ ಉತ್ತರ ಅದೊಂದೇ. ಕೊನೆಗೆ ಐವತ್ತು ದಾಟಿದ ಒಬ್ಬರು ನಿಲ್ಲಿಸಿದರು. ಕಾಲು ಕೆಳಗಿಟ್ಟು ಬೇರೆ ಥರ ಕೇಳಿದರು: ‘ಪಂಪ್ ಇದ್ಯಾ?’

‘ಇಲ್ಲ ಸರ್’ ಅಂದೆ. ಹತ್ತು ನಿಮಿಷದಲ್ಲಿ ನಾನು ಹೊರಟೆ.

ಆಮೇಲೆ ನಾನೂ ಹಾಗೇ ಕೇಳುವುದನ್ನು ಕಲಿತೆ. ಸೈಕಲ್ ಹೊಡೆಯುವ ಎಲ್ಲರಿಗೂ ನಾನು ಮೊದಲು ಹೇಳುವುದೂ ಅದನ್ನೇ. ರಿಪೇರಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸರಿಯಾದ ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಿಲ್ಲಿಸುವುದು, ಕೇಳುವುದು

ದೂರದಿಂದಲೇ ಗಮನಿಸಿ. ಸೈಕಲ್ ತಲೆಕೆಳಗಾಗಿದೆಯಾ, ಚಕ್ರ ಬಿಚ್ಚಿದ್ದಾರಾ, ಫೋನ್ ಎತ್ತಿ ನೆಟ್‌ವರ್ಕ್ ಹುಡುಕುತ್ತಿದ್ದಾರಾ, ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಾರಾ. ಹಿಂದೆ ಗಾಡಿ ಬರ್ತಾ ಇದೆಯಾ ನೋಡಿಕೊಂಡು, ಕೈ ತೋರಿಸಿ, ಅವರನ್ನು ದಾಟಿ ಸ್ವಲ್ಪ ಮುಂದೆ ಹೋಗಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿಸಿ. ಗುಂಪಿನಲ್ಲಿದ್ದರೆ ಹಿಂದಿನವರಿಗೆ ಜೋರಾಗಿ ಹೇಳಿ ಬ್ರೇಕ್ ಹಾಕಿ, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಆಮೇಲೆ ಕೇಳಬೇಕಾದ್ದು ಮೂರೇ. ‘ಏನಾಗಿದೆ?’ ‘ಟ್ಯೂಬ್, ಪಂಪ್ ಎಲ್ಲಾ ಇದ್ಯಾ?’ ‘ನೀರು ಇದ್ಯಾ?’ ಇವಕ್ಕೆ ‘ಓಕೆ’ ಅಂತ ಉತ್ತರ ಬರೋದಿಲ್ಲ, ಇದೆ ಅಥವಾ ಇಲ್ಲ ಅಂತಲೇ ಬರುತ್ತದೆ. ಎಲ್ಲಾ ಇದೆ, ನಾನೇ ಮಾಡ್ಕೋತೀನಿ ಅಂದರೆ ನಂಬಿ ಹೊರಡಿ. ಅವರ ಕೈಯಿಂದ ಲಿವರ್ ಕಿತ್ತುಕೊಂಡು ನಾವೇ ಶುರು ಮಾಡುವುದು ಸಹಾಯ ಅಲ್ಲ. ಸೈಕಲ್ ಮುಟ್ಟುವ ಮೊದಲು ‘ನೋಡ್ಲಾ?’ ಅಂತ ಕೇಳಿ.

ಒಬ್ಬರೇ ಹೆಣ್ಣುಮಗಳು ನಿಂತಿದ್ದರೆ ಇನ್ನೂ ಸ್ವಲ್ಪ ಜಾಗ್ರತೆ ಬೇಕು. ನಾಲ್ಕು ಹೆಜ್ಜೆ ದೂರ ನಿಂತು ಕೇಳಿ. ಎಲ್ಲಿಂದ ಬಂದ್ರಿ, ಒಬ್ರೇನಾ, ಮನೆ ಎಲ್ಲಿ ಅನ್ನುವ ಪ್ರಶ್ನೆ ಬೇಡವೇ ಬೇಡ. ಬೇಡ ಅಂದರೆ ಪಂಪನ್ನೋ ಟ್ಯೂಬನ್ನೋ ಅಲ್ಲಿಟ್ಟು, ಮುಂದಿನ ಟೀ ಅಂಗಡಿಯಲ್ಲಿ ಇರ್ತೀನಿ, ಬರುವಾಗ ಕೊಡಿ ಅಂತ ಹೇಳಿ ಹೋಗಬಹುದು. ನಾನು ಎರಡು ಸಲ ಹಾಗೆ ಮಾಡಿದ್ದೇನೆ, ಎರಡೂ ಸಲ ಪಂಪ್ ವಾಪಸ್ ಬಂತು.

ಮೊದಲು ರಸ್ತೆಯಿಂದ ಆಚೆ

ಪಂಚರ್ ಆದವರು ಗಾಬರಿಯಲ್ಲಿ ಬಿಳಿ ಗೆರೆಯ ಮೇಲೇ ಕೂತು ಚಕ್ರ ಬಿಚ್ಚುತ್ತಿರುತ್ತಾರೆ. ಮೊದಲು ಅವರನ್ನೂ ಸೈಕಲನ್ನೂ ಮಣ್ಣಿಗೆ ಇಳಿಸಿ. ತಿರುವಿನಲ್ಲಿ, ಫ್ಲೈಓವರ್ ಮೇಲೆ, ಸೇತುವೆ ಮೇಲೆ ರಿಪೇರಿ ಬೇಡ. ಇನ್ನೂರು ಮೀಟರ್ ತಳ್ಳಿಕೊಂಡು ಹೋಗಲಿ. ಟೈರಿಗೆ ಏನಾದರೂ ಆಗುತ್ತೆ ಅನ್ನಿಸಿದರೆ ಆ ಚಕ್ರ ಎತ್ತಿ ಹಿಡಿದು ನಡೆಯಿರಿ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಹಾಕಿಡಿ.

ನಮ್ಮಲ್ಲಿ ಲಾರಿ ಕೆಟ್ಟರೆ ಹಿಂದೆ ಸೊಪ್ಪಿನ ಕೊಂಬೆ ಹಾಕುತ್ತಾರಲ್ಲ, ಅದು ಒಳ್ಳೆಯ ಅಭ್ಯಾಸ. ಯಾರಾದರೂ ಬಿದ್ದು ರಸ್ತೆಯಲ್ಲೇ ಮಲಗಿದ್ದರೆ, ಕದಲಿಸುವ ಹಾಗಿಲ್ಲದಿದ್ದರೆ, ಐವತ್ತು ಮೀಟರ್ ಹಿಂದೆ ಕೊಂಬೆ ಹಾಕಿ ಒಬ್ಬರನ್ನು ಕೈ ಬೀಸಲು ನಿಲ್ಲಿಸಿ. ಕಲ್ಲು ಇಡಬೇಡಿ. ಹೊರಡುವಾಗ ಕೊಂಬೆ ಎತ್ತಿ ಬದಿಗೆ ಹಾಕಿ. ಲಾರಿ ಹೋದ ಮೇಲೂ ಉಳಿದ ಕಲ್ಲಿಗೆ ಕತ್ತಲಲ್ಲಿ ಡಿಕ್ಕಿ ಹೊಡೆದು ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಂಚರ್

ದಾರಿಯಲ್ಲಿ ನಿಂತವರಲ್ಲಿ ಹೆಚ್ಚಿನವರದು ಇದೇ ಕಥೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ವಾಲ್ವ್ ನೋಡಿ. ಸ್ಕೂಟರ್, ಕಾರಿಗೆ ಇರುವಂಥ ದಪ್ಪ ವಾಲ್ವ್ ಶ್ರೇಡರ್. ರೋಡ್ ಬೈಕಿನ, ಅಂದರೆ ಸಣ್ಣ ಟೈರಿನ ವೇಗದ ಸೈಕಲ್ಲಿನ, ತೆಳ್ಳಗಿನ ಉದ್ದ ವಾಲ್ವ್ ಪ್ರೆಸ್ಟಾ. ಪ್ರೆಸ್ಟಾ ತುದಿಯಲ್ಲಿರುವ ಚಿಕ್ಕ ತಿರುಪು ಸಡಿಲಿಸದೆ ಗಾಳಿ ಹೋಗುವುದಿಲ್ಲ. ಹೊಸದಾಗಿ ಸೈಕಲ್ ಕೊಂಡವರು ಎಷ್ಟೋ ಸಲ ಇದೊಂದು ಗೊತ್ತಿಲ್ಲದೆ ಪಂಪ್ ಕೆಟ್ಟಿದೆ ಅಂದುಕೊಂಡು ನಿಂತಿರುತ್ತಾರೆ. ಪ್ರೆಸ್ಟಾಗೆ ಪೆಟ್ರೋಲ್ ಬಂಕಿನ ಗಾಳಿ ಹಾಕಬೇಕಾದರೆ ಬೆರಳ ತುದಿಯಷ್ಟಿರುವ ಒಂದು ಪಿತ್ತಾಳೆ ಅಡಾಪ್ಟರ್ ಬೇಕು. ಅದನ್ನು ಒಂದು ಜಾಸ್ತಿ ಇಟ್ಟುಕೊಂಡಿರಿ, ಕೊಟ್ಟುಬಿಡಬಹುದು. ಬಂಕಿನಲ್ಲಿ ಹಾಕುವಾಗ ಚೂರು ಚೂರೇ ಬಿಡಿ, ಸಣ್ಣ ಟೈರು ಕ್ಷಣದಲ್ಲಿ ತುಂಬಿ ಸಿಡಿಯುತ್ತದೆ.

ನಿಮ್ಮ ಟ್ಯೂಬ್ ಅವರಿಗೆ ಆಗುತ್ತಾ? ಟೈರಿನ ಬದಿಯಲ್ಲಿ ಸೈಜ್ ಬರೆದಿರುತ್ತದೆ. ರೋಡ್ ಬೈಕಿನ 700ಸಿ ಮತ್ತು ದಪ್ಪ ಟೈರಿನ ಸೈಕಲ್ಲಿನ 29 ಇಂಚಿನ ರಿಮ್ ಎರಡೂ ಒಂದೇ ಅಳತೆ, 622 ಮಿಲಿಮೀಟರ್. ಹಾಗಾಗಿ ರೋಡ್ ಬೈಕಿನ ಸಣ್ಣ ಟ್ಯೂಬ್ 29ರ ದಪ್ಪ ಟೈರಿನೊಳಗೆ ಕಷ್ಟದಲ್ಲಿ ನಡೆಯುತ್ತದೆ, ಮನೆ ಮುಟ್ಟಿಸುತ್ತದೆ. 26ರ ಟ್ಯೂಬನ್ನೂ ಎಳೆದು ದೊಡ್ಡ ಚಕ್ರಕ್ಕೆ ಕೂರಿಸಬಹುದು. ತಿರುಗಾಮುರುಗಾ ಮಾಡಿದರೆ, ಅಂದರೆ ದೊಡ್ಡದನ್ನು ಸಣ್ಣದಕ್ಕೆ ತುರುಕಿದರೆ, ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಶ್ರೇಡರ್ ವಾಲ್ವ್ ಪ್ರೆಸ್ಟಾ ತೂತಿನಲ್ಲಿ ತೂರುವುದಿಲ್ಲ, ಪ್ರೆಸ್ಟಾ ಮಾತ್ರ ಶ್ರೇಡರ್ ತೂತಿನಲ್ಲಿ ಕೂರುತ್ತದೆ.

ಹಿಂದಿನ ಚಕ್ರ ಆದರೆ ಬಿಚ್ಚುವ ಮೊದಲೇ ಚೈನನ್ನು ಅತಿ ಸಣ್ಣ ಹಲ್ಲಿನ ಚಕ್ರಕ್ಕೆ ಇಳಿಸಿಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಬೇಡಿ. ಪ್ಯಾಡುಗಳು ಹತ್ತಿರ ಬಂದು ಕಚ್ಚಿಕೊಂಡರೆ ಆಮೇಲೆ ಚಕ್ರ ಒಳಗೆ ಹೋಗುವುದೇ ಇಲ್ಲ.

ಟ್ಯೂಬ್ ತೆಗೆದ ತಕ್ಷಣ ಹೊಸದು ಹಾಕಬೇಡಿ. ಎಲ್ಲರೂ ಎಡವುವ ಜಾಗ ಇದು. ತೂತು ಎಲ್ಲಿದೆ ಅಂತ ನೋಡಿ: ಸ್ವಲ್ಪ ಗಾಳಿ ಹೊಡೆದು ಟ್ಯೂಬನ್ನು ತುಟಿಯ ಹತ್ತಿರ ತನ್ನಿ, ಕಿವಿಗೆ ಕೇಳದ ಗಾಳಿಯೂ ತುಟಿಗೆ ತಾಗುತ್ತದೆ. ವಾಲ್ವಿನಿಂದ ಎಷ್ಟು ದೂರ ಅಂತ ಟೈರಿನ ಮೇಲೆ ಹಿಡಿದು ಅಳೆದರೆ, ಚುಚ್ಚಿದ್ದು ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ. ಜಾಲಿ ಮುಳ್ಳಾದರೆ ಕಣ್ಣಿಗೆ ಕಾಣುತ್ತದೆ. ಹೆದ್ದಾರಿಯಲ್ಲಿ ಮಾತ್ರ ಸಿಡಿದ ಲಾರಿ ಟೈರಿನ ಕೂದಲಿನಷ್ಟು ಸಣ್ಣ ತಂತಿ ಚುಚ್ಚಿರುತ್ತದೆ. ಅದು ಹೊರಗಿನಿಂದ ಕಾಣೋದಿಲ್ಲ. ಟೈರನ್ನು ಅಲ್ಲಿ ಒಳಗಿನಿಂದ ಹೊರಕ್ಕೆ ಮಡಚಿ, ಬಟ್ಟೆಯನ್ನು ಎರಡೂ ದಿಕ್ಕಿಗೆ ಉಜ್ಜಿ. ಬಟ್ಟೆಯ ನೂಲು ಸಿಕ್ಕಿಕೊಂಡ ಜಾಗದಲ್ಲಿ ತಂತಿ ಇದೆ. ಬರಿಬೆರಳು ಬೇಡ, ಗಾಜಿದ್ದರೆ ಕುಯ್ಯುತ್ತದೆ. ತಂತಿ ಕೀಳಲು ಉಗುರು ಸಾಲದು, ನಾನು ಬ್ಯಾಗಿನಲ್ಲಿ ಹುಬ್ಬು ತಿದ್ದುವ ಸಣ್ಣ ಚಿಮುಟ ಇಟ್ಟುಕೊಂಡಿದ್ದೇನೆ.

ತೂತೇ ಕಾರಣ ಹೇಳುತ್ತದೆ. ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಮ್ಮಿ ಇದ್ದು ಗುಂಡಿಗೆ ಬಡಿದಿದೆ, ಹುಡುಕಲು ಮುಳ್ಳಿಲ್ಲ. ಒಳಬದಿಗೆ, ರಿಮ್ ಕಡೆಗೆ ತೂತಿದ್ದರೆ ರಿಮ್ಮಿನೊಳಗೆ ಸುತ್ತಿದ ಪಟ್ಟಿ, ಅಂದರೆ ರಿಮ್ ಟೇಪ್, ಜರುಗಿ ಸ್ಪೋಕಿನ ತೂತಿನ ಅಂಚು ಕುಯ್ದಿದೆ, ಟೇಪ್ ಸರಿಪಡಿಸದಿದ್ದರೆ ನಿಮ್ಮ ಹೊಸ ಟ್ಯೂಬೂ ಹೋಗುತ್ತದೆ. ನಂದಿಯಂಥ ಉದ್ದ ಇಳಿಜಾರಿನಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡೇ ಇಳಿದಿದ್ದರೆ ರಿಮ್ ಕಾದು ಟ್ಯೂಬ್ ಸಿಡಿಯುವುದೂ ಉಂಟು. ಅಂಥವರಿಗೆ ರಿಮ್ ತಣ್ಣಗಾಗುವ ತನಕ ಕಾಯಲು ಹೇಳಿ. ಟೈರೇ ಬದಿಯಲ್ಲಿ ಸೀಳಿದ್ದರೆ ಒಳಗೆ ಹತ್ತು ರೂಪಾಯಿ ನೋಟು ಮಡಚಿ ಇಡಿ, ಬಿಸ್ಕತ್ ಪ್ಯಾಕೆಟ್ ಕೂಡ ನಡೆಯುತ್ತದೆ, ಹಳೆ ಟ್ಯೂಬಿನ ತುಂಡು ಇನ್ನೂ ಒಳ್ಳೆಯದು. ಗಾಳಿ ಸ್ವಲ್ಪ ಕಮ್ಮಿ ಹಾಕಿ.

ಹೊಸ ಟ್ಯೂಬಿಗೆ ಎರಡು ಸಲ ಪಂಪ್ ಹೊಡೆದು ಉಬ್ಬಿಸಿಕೊಂಡೇ ಒಳಗೆ ಹಾಕಿ, ತಿರುಚಿಕೊಳ್ಳುವುದಿಲ್ಲ. ಟೈರನ್ನು ಕೂರಿಸುವಾಗ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಒಂದು ಗೇಣು ಬಿಗಿ ಬರುತ್ತದೆ. ಆಗ ಲಿವರ್ ಹಾಕಿ ಮೀಟಿದರೆ ಟ್ಯೂಬ್ ಕಚ್ಚಿ ಇನ್ನೊಂದು ತೂತು. ಎದುರು ಬದಿಯಿಂದ ಟೈರಿನ ಅಂಚನ್ನು ರಿಮ್ಮಿನ ನಡುವಿನ ಹಳ್ಳಕ್ಕೆ ಒತ್ತುತ್ತಾ ಎರಡೂ ಕೈಯಲ್ಲಿ ಸಡಿಲವನ್ನು ಇತ್ತ ತನ್ನಿ, ಅಂಗೈಯಲ್ಲೇ ಏರುತ್ತದೆ. ಗಾಳಿ ಹೊಡೆಯುವ ಮೊದಲು ಎರಡೂ ಬದಿ ಸುತ್ತಲೂ ನೋಡಿ, ಟ್ಯೂಬ್ ಎಲ್ಲೂ ಇಣುಕುತ್ತಿರಬಾರದು.

ಟ್ಯೂಬೇ ಇಲ್ಲದಿದ್ದರೆ ಪ್ಯಾಚ್. ತೂತಿನ ಸುತ್ತ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಮೂರ್ನಾಲ್ಕು ನಿಮಿಷ ಸುಮ್ನೆ ಬಿಡಿ. ಹಸಿ ಇರುವಾಗಲೇ ಅಂಟಿಸಿದರೆ ಐದು ಕಿಲೋಮೀಟರಿಗೆ ಕಿತ್ತುಬರುತ್ತದೆ. ಆ ಮೂರ್ನಾಲ್ಕು ನಿಮಿಷ ಮಾತಾಡಿ, ನೀರು ಕುಡಿಯಿರಿ.

ಚಕ್ರ ಹಾಕಿದ ಮೇಲೆ ಇದನ್ನು ಮಾತ್ರ ಮರೆಯಬೇಡಿ: ರಿಮ್ ಬ್ರೇಕ್ ಇದ್ದರೆ ಚಕ್ರ ತೆಗೆಯಲು ಅದರ ಸಣ್ಣ ಲಿವರ್ ತೆರೆದಿರುತ್ತೀರಿ. ಅದನ್ನು ಮುಚ್ಚಿ. ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ ನೋಡಿ. ಆಮೇಲೆ ಕಳಿಸಿ.

ಚೈನು, ಗೇರು, ಪೆಡಲು

ಚೈನ್ ಬರೀ ಕಳಚಿದ್ದರೆ ಕೋಲಿನಲ್ಲಿ ಎತ್ತಿ ಕೂರಿಸಿ, ಪೆಡಲ್ ನಿಧಾನ ತಿರುಗಿಸಿ. ಕೈ ಮಸಿಯಾಗದಿರಲಿ ಅಂತ ಒಂದು ಜೊತೆ ತೆಳ್ಳಗಿನ ಗ್ಲೌಸ್ ಇಟ್ಟುಕೊಂಡರೆ ಅನುಕೂಲ.

ತುಂಡಾಗಿದ್ದರೆ ಕ್ವಿಕ್ ಲಿಂಕ್ ಬೇಕು, ಅಂದರೆ ಕೈಯಲ್ಲೇ ಜೋಡಿಸಬಹುದಾದ ಚೈನ್ ಕೊಂಡಿ. ಅದು ಗೇರಿನ ಸಂಖ್ಯೆಗೆ ತಕ್ಕಂತೆ ಇರಬೇಕು, ಹಿಂದೆ ಎಷ್ಟು ಹಲ್ಲು ಚಕ್ರ ಇವೆ ಎಣಿಸಿ. 8 ಮತ್ತು 11ರ ಲಿಂಕುಗಳನ್ನು ನಾನು ಎರಡೂ ಇಟ್ಟುಕೊಂಡಿದ್ದೇನೆ, ಎರಡೂ ಸೇರಿ ಒಂದು ನಾಣ್ಯದ ತೂಕವೂ ಇಲ್ಲ. ಕೆಟ್ಟ ಕೊಂಡಿಯನ್ನು ಅದರ ಪಿನ್ ತಳ್ಳುವ ಚೈನ್ ಟೂಲಿನಿಂದ ತೆಗೆದು, ಎರಡೂ ತುದಿಗೆ ಲಿಂಕ್ ಹಾಕಿ, ಆ ಜಾಗ ಮೇಲೆ ಬರುವ ಹಾಗೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಒತ್ತಿ. ‘ಟಕ್’ ಅಂತ ಕೂರುತ್ತದೆ. ಚೈನ್ ಹಿಂದಿನ ಗೇರಿನೊಳಗೆ ಯಾವ ದಾರಿಯಲ್ಲಿ ಹೋಗಬೇಕು ಅಂತ ಗೊಂದಲ ಆದರೆ ನಿಮ್ಮ ಸೈಕಲನ್ನೇ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಚೈನ್ ಗಿಡ್ಡ ಆಗಿರುವುದರಿಂದ ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಹಾಕಬೇಡಿ ಅಂತ ಅವರಿಗೆ ಹೇಳಿ ಕಳಿಸಿ.

ಹಿಂದಿನ ಗೇರಿನ ಕೇಬಲ್ ತುಂಡಾದರೆ ಚೈನ್ ಅತಿ ಸಣ್ಣದಕ್ಕೆ ಬಿದ್ದು ಏರು ಹತ್ತುವುದೇ ಆಗುವುದಿಲ್ಲ. ಚೈನನ್ನು ಒಂದು ಹಲ್ಲು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಮೇಲೆ ಎಚ್ ಅಂತ ಗುರುತಿರುವ ತಿರುಪನ್ನು ಬಿಗಿ ಮಾಡಿದರೆ ಒಂದೆರಡು ಹಲ್ಲು ಮೇಲಿನ ಚಕ್ರದಲ್ಲಿ ನಿಲ್ಲುತ್ತದೆ.

ಸ್ಪೋಕ್ ಮುರಿದರೆ ಪಕ್ಕದ ಸ್ಪೋಕಿಗೆ ಸುತ್ತಿ ಟೇಪ್ ಹಾಕಿ, ನಿಧಾನ ಹೋಗಲಿ. ಪೆಡಲ್ ಸಡಿಲ ಆಗಿದ್ದರೆ ನೆನಪಿಡಿ, ಎಡ ಪೆಡಲಿನ ಮರೆ ಉಲ್ಟಾ, ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿ.

ನಮ್ಮಂಥ ಸೈಕಲ್ ಇಲ್ಲದವರು

ಹೆಲ್ಮೆಟ್ ಹಾಕಿ ಬಣ್ಣದ ಜೆರ್ಸಿ ತೊಟ್ಟವರು ನಿಂತಿದ್ದರೆ ನಾವು ನಿಲ್ಲಿಸುತ್ತೇವೆ. ಹಾಲಿನ ಕ್ಯಾನ್ ಕಟ್ಟಿಕೊಂಡವರು, ಗಾರೆ ಕೆಲಸಕ್ಕೆ ಹೊರಟವರು, ಸ್ಕೂಲ್ ಮಕ್ಕಳು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರೆ ಎಷ್ಟು ಜನ ನಿಲ್ಲಿಸುತ್ತೇವೆ? ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ನಮಗೆ ತಡವಾದರೆ ತಿಂಡಿ ತಡ, ಅವರಿಗೆ ತಡವಾದರೆ ಆ ದಿನದ ಕೂಲಿ ಹೋಗುತ್ತದೆ.

ಚಿಕ್ಕಬಳ್ಳಾಪುರದ ಕಡೆ ಒಂದು ಸಲ ಯೂನಿಫಾರ್ಮ್ ಹಾಕಿದ ಹುಡುಗಿ ಸೈಕಲ್ ತಳ್ಳುತ್ತಾ ಬರುತ್ತಿದ್ದಳು. ಎಂಟನೇ ಕ್ಲಾಸಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್. 2006-07ರಲ್ಲಿ ಶುರುವಾದ ಯೋಜನೆ ಅದು. ‘ಏನಾಯ್ತಮ್ಮ?’ ಅಂದೆ. ‘ಗಾಳಿ ನಿಲ್ತಿಲ್ಲ ಅಂಕಲ್, ನಿನ್ನೆನೂ ಹೊಡೆಸಿದ್ದೆ’ ಅಂದಳು. ಟೈರ್ ನೋಡಿದೆ, ಮುಳ್ಳಿಲ್ಲ. ವಾಲ್ವಿನ ನಟ್ ಬಿಚ್ಚಿ ಒಳಗಿನ ಕಡ್ಡಿ ಎಳೆದರೆ ಅದರ ಮೇಲಿನ ರಬ್ಬರ್ ನಳಿಕೆ ಒಣಗಿ, ಸೀಳಿ, ಪುಡಿಪುಡಿಯಾಗಿ ಕೈಗೆ ಬಂತು. ಅಷ್ಟೇ ತೊಂದರೆ. ಒಂದಿಂಚು ವಾಲ್ ಟ್ಯೂಬ್, ಅಂದರೆ ಆ ರಬ್ಬರ್ ನಳಿಕೆ, ಇದ್ದಿದ್ದರೆ ಎರಡು ನಿಮಿಷದ ಕೆಲಸ, ನನ್ನ ಹತ್ತಿರ ಇರಲಿಲ್ಲ. ಅವಳ ಜೊತೆ ನಡೆದು ಊರಿನ ಪಂಚರ್ ಅಂಗಡಿಗೆ ಹೋದೆವು. ಅಂಗಡಿಯವರು ಡಬ್ಬಿಯಿಂದ ಒಂದು ತುಂಡು ಕತ್ತರಿಸಿ, ಎಂಜಲು ಹಚ್ಚಿ ಕಡ್ಡಿಗೆ ಏರಿಸಿ, ಗಾಳಿ ಹೊಡೆದು ಕಳಿಸಿದರು. ನಾನು ಅಲ್ಲೇ ಗೇಣುದ್ದ ಕೇಳಿ ತಗೊಂಡೆ. ಈಗಲೂ ಪ್ಯಾಚ್ ಡಬ್ಬಿಯಲ್ಲಿದೆ, ಗಟ್ಟಿಯಾದಾಗ ಬದಲಿಸುತ್ತೇನೆ.

ಈ ಸೈಕಲ್‌ಗಳ ವಾಲ್ವಿಗೆ ನಮ್ಮ ಪಂಪಿನ ಪ್ರೆಸ್ಟಾ ತಲೆ ಹಿಡಿಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಚಕ್ರಕ್ಕೆ ನಟ್ ಇರುತ್ತದೆ, ನಮ್ಮ ಬ್ಯಾಗಿನ ಆರು ಮೂಲೆಯ ಆಲನ್ ಕೀ ಉಪಯೋಗಕ್ಕೆ ಬರುವುದಿಲ್ಲ. ಆದರೆ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ. ಪಂಚರ್ ಅಂಗಡಿಯವರು ಮಾಡುವ ಹಾಗೆ ಟೈರಿನ ಒಂದು ಬದಿ ಮಾತ್ರ ಬಿಡಿಸಿ, ಟ್ಯೂಬನ್ನು ಹೊರಗೆಳೆದು, ಅಲ್ಲೇ ನೀರು ಸವರಿ ಗುಳ್ಳೆ ಹುಡುಕಿ, ಪ್ಯಾಚ್ ಹಾಕಿ ಒಳಗೆ ತಳ್ಳಿ. ಯಜಮಾನರು ಯಾರಾದರೂ ಪಕ್ಕದಲ್ಲಿದ್ದರೆ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ. ‘ಅಣ್ಣ, ಹಿಡ್ಕೊಳ್ಲಾ?’ ಅಂದು ಚಕ್ರ ಹಿಡಿದು ನಿಂತರೂ ಸಾಕು.

ಸುಸ್ತಾಗಿ ಕೂತವರು

ಸೈಕಲ್ ಸರಿಯಿದೆ, ಮನುಷ್ಯ ಮರದ ಬುಡದಲ್ಲಿ ಕೂತಿದ್ದಾನೆ. ಇದನ್ನು ನಾವು ಗಮನಿಸದೆ ಹೋಗುವುದೇ ಹೆಚ್ಚು. ಕೈ ನಡುಗುತ್ತಿದ್ದರೆ, ತಣ್ಣನೆ ಬೆವರು ಬರ್ತಿದ್ದರೆ, ಹೆಚ್ಚಾಗಿ ತಿಂಡಿ ತಿನ್ನದೆ ಹೊರಟಿರುತ್ತಾರೆ: ಬಾಳೆಹಣ್ಣು, ಬೆಲ್ಲ, ಕಡಲೆ ಮಿಠಾಯಿ ಕೊಡಿ. ಕಾಲು ಗಂಟೆ ಬೇಕು, ತಕ್ಷಣ ಎಬ್ಬಿಸಬೇಡಿ. ಬಿಸಿಲಿನಲ್ಲಿ ನೀರು ಕುಡಿದೂ ಸುಸ್ತಾಗಿದ್ದರೆ ಉಪ್ಪು ಬೇಕು, ಓಆರ್‌ಎಸ್ ಅಥವಾ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ. ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಅರ್ಧ ಬಾಟಲಿಗೆ ಪೂರ್ತಿ ಸುರಿಯಬೇಡಿ.

ಮೈ ಸುಡುತ್ತಿದೆ, ಮಾತು ತೊದಲುತ್ತಿದೆ, ಎಲ್ಲಿದ್ದೀನಿ ಅಂತ ಗೊತ್ತಾಗ್ತಿಲ್ಲ ಅಂದರೆ ಅದು ಬೇರೆಯದೇ, ಬಿಸಿಲಿನ ಹೊಡೆತ. ನೆರಳಿಗೆ ತಂದು, ಬಾಟಲಿ ನೀರೆಲ್ಲ ಮೈಮೇಲೆ ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬಿದ್ದವರು

ಬಿದ್ದವರನ್ನು ಕೂಡಲೇ ಎತ್ತಿ ನಿಲ್ಲಿಸಬೇಡಿ. ಕುತ್ತಿಗೆ, ಬೆನ್ನು ನೋವು ಅಂದರೆ ಅಲ್ಲಾಡಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ. 108 ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಎಲ್ಲಿದ್ದೀರಿ ಅಂತ ಹೇಳುವಾಗ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹತ್ತಿರದ ಊರು, ಯಾವ ಕಡೆಗೆ ಹೋಗುವ ಬದಿ, ಈ ಮೂರನ್ನೂ ಹೇಳಿ.

ಭುಜದ ಮೇಲೆ ಬಿದ್ದವರು ಒಂದು ಕೈಯನ್ನು ಎದೆಗೆ ಅವುಚಿಕೊಂಡು ಕೂತಿದ್ದರೆ ಕೊರಳ ಮೂಳೆ ಮುರಿದಿರಬಹುದು. ಹಳೆ ಟ್ಯೂಬನ್ನು ಕತ್ತಿನಿಂದ ಇಳಿಬಿಟ್ಟು ಕೈಗೆ ಜೋಲಿ ಕಟ್ಟಬಹುದು. ತಲೆಗೆ ಪೆಟ್ಟು ಬಿದ್ದವರು ‘ಏನೂ ಆಗಿಲ್ಲ, ಹೋಗ್ತೀನಿ’ ಅಂತಲೇ ಹೇಳುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ವಾಂತಿ ಬಂದರೆ, ನಿದ್ದೆ ಬರ್ತಿದೆ ಅಂದರೆ ಸೈಕಲ್ ಹತ್ತಲು ಬಿಡಬೇಡಿ, ಜಗಳ ಆದರೂ ಪರವಾಗಿಲ್ಲ. ಗೂಡ್ಸ್ ಆಟೋ ನಿಲ್ಲಿಸಿದರೆ ಸೈಕಲ್ ಸಮೇತ ಕಳಿಸಬಹುದು. ಆಸ್ಪತ್ರೆಗೆ ಹೊರಟಿದ್ದರೆ ಸೈಕಲನ್ನು ಹತ್ತಿರದ ಅಂಗಡಿಯಲ್ಲಿ ಬಿಟ್ಟು, ಅಂಗಡಿಯವರ ನಂಬರನ್ನು ಅವರ ಮನೆಯವರಿಗೆ ಕೊಡಿ.

ಪೊಲೀಸ್ ಕೇಸಾಗುತ್ತೆ ಅನ್ನುವ ಭಯದಲ್ಲಿ ಜನ ಹಿಂಜರಿಯುತ್ತಾರೆ. 2016ರಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರ ರಕ್ಷಣೆಯ ಮಾರ್ಗಸೂಚಿಗೆ ಮುದ್ರೆ ಒತ್ತಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಅಪಘಾತದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವಂತಿಲ್ಲ. ಧೈರ್ಯವಾಗಿ ನಿಲ್ಲಿಸಿ.

ಹೊರಡುವ ಮುಂಚೆ

ರಿಪೇರಿ ಆದ ಮೇಲೆ ಒಂದೆರಡು ಕಿಲೋಮೀಟರ್ ಜೊತೆಯಲ್ಲಿ ಹೋಗಿ. ಬಿಟ್ಟುಹೋದ ತಂತಿ, ಸರಿಯಾಗಿ ಕೂರದ ಟೈರು ಅಷ್ಟರಲ್ಲಿ ತೋರಿಸಿಕೊಳ್ಳುತ್ತದೆ. ಅವರ ಹತ್ತಿರ ಇನ್ನು ಟ್ಯೂಬಿಲ್ಲ ಅಂದರೆ ಹತ್ತಿರದ ದಾರಿಯಲ್ಲಿ ಮನೆಗೆ ಹೋಗಲು ಹೇಳಿ.

ದುಡ್ಡಿನ ವಿಷಯ. ಟ್ಯೂಬ್ ಕೊಟ್ಟಾಗ ಬೇಡ ಬೇಡ ಅನ್ನುವುದು ನಮ್ಮ ರೂಢಿ. ನಾನು ಒಂದು ಸಲ ಬೇಡ ಅನ್ನುತ್ತೇನೆ, ಅವರು ಮತ್ತೆ ಕೊಡಲು ಬಂದರೆ ಟ್ಯೂಬಿನ ಬೆಲೆ ಮಾತ್ರ ತಗೊಳ್ತೇನೆ. ಕೆಲವರಿಗೆ ಹಂಗು ಹೊತ್ತುಕೊಂಡು ಹೋಗಲು ಮನಸ್ಸಾಗುವುದಿಲ್ಲ, ಆ ಮನಸ್ಸಿಗೂ ಮರ್ಯಾದೆ ಕೊಡಬೇಕು. ಕೂಲಿಗೆ ಹೊರಟವರಿಂದ, ಮಕ್ಕಳಿಂದ ಮಾತ್ರ ಬೇಡ.

ಮನೆಗೆ ಬಂದ ದಿನವೇ ಬ್ಯಾಗ್ ತೆರೆದು ನೋಡಿ. ಕೊಟ್ಟ ಟ್ಯೂಬಿನ ಜಾಗಕ್ಕೆ ಇನ್ನೊಂದು, ಒಮ್ಮೆ ತೆರೆದ ಸೊಲ್ಯೂಷನ್ ಒಣಗಿದ್ದರೆ ಹೊಸದು, ಪಂಪ್ ಅದರ ಕ್ಲಿಪ್ಪಿನಲ್ಲಿದೆಯಾ ಅಂತ ಕೈಯಿಟ್ಟು ನೋಡಿ.